ಹಸಿರು ಬೂಷ್ಟು ಹಿಡಿದ ಬೇರುಹುಳ

ಹೋದ ಸೆಪ್ಟೆಂಬರಲ್ಲಿ ಹಳದಿ ತಿರುಗಿದ್ದ ಒಂದು ಅಡಿಕೆ ಮರದ ಬುಡ ಬಿಡಿಸ್ತಾ ಇದ್ದೆ, ಗುದ್ದಲಿಗೆ ಒಂದು ಬೇರುಹುಳ ಸಿಕ್ತು. ಯಾವಾಗ್ಲೂ ಸಿಗೋ ಹುಳ ಬೆಣ್ಣೆ ಬಣ್ಣಕ್ಕೆ ಮೆತ್ತಗಿರುತ್ತೆ, ಇದು ಸೀಮೆಸುಣ್ಣದ ಥರ ಗಟ್ಟಿ, ಮೈ ತುಂಬಾ ಪಾಚಿ ಬಣ್ಣದ ಪುಡಿ. ಅಪ್ಪಯ್ಯ ನೋಡಿ "ಬೂಷ್ಟು ಹಿಡಿದಿದೆ, ಬಿಸಾಕು ಆಚೆ" ಅಂದ್ರು. ನಾನು ಅದನ್ನ ಪುಡಿ ಮಾಡಿ ಅದೇ ಬುಡಕ್ಕೆ ಹಾಕಿ ಮಣ್ಣು ಎಳೆದೆ. ಇವನಿಗೆ ಏನೋ ಆಗಿದೆ ಅನ್ನೋ ಥರ ನೋಡಿದ್ರು.

ಆ ಪುಡಿ ಮೆಟಾರೈಜಿಯಂ ಅನ್ನೋ ಹುಳ ಕೊಲ್ಲೋ ಬೂಷ್ಟು (ಶಿಲೀಂಧ್ರ) ಮಾರಾಯ್ರೆ. ಅದರ ಬೀಜಕಣ ಹುಳದ ಚರ್ಮಕ್ಕೆ ಅಂಟ್ಕೊಂಡು ಅಲ್ಲೇ ಮೊಳೆತು, ಚರ್ಮ ಕರಗಿಸಿ ಒಳಗೆ ಇಳಿದು ಹುಳನ ಕೊಲ್ಲುತ್ತೆ, ಆಮೇಲೆ ಹೊರಗೆ ಬಿಳಿ ಎಳೆ ಬಂದು ಹಸಿರಾಗುತ್ತೆ. ಹೊಸ ವಿಷಯ ಏನಲ್ಲ, 1879ರಲ್ಲೇ ಮೆಚ್ನಿಕಾಫ್ ಅನ್ನೋ ವಿಜ್ಞಾನಿ ಈಗಿನ ಉಕ್ರೇನಿನ ಒಡೆಸ್ಸಾದಲ್ಲಿ ಗೋಧಿ ತಿನ್ನೋ ದುಂಬಿ ಮೇಲೆ ಇದನ್ನ ನೋಡಿದ್ರು (ಆಮೇಲೆ ಅವರಿಗೆ ನೊಬೆಲ್ ಬಂತು, ಬೇರೆ ಕೆಲಸಕ್ಕೆ).

ನನಗೆ ತಲೆ ಕೆಟ್ಟಿದ್ದು ಮುಂದಿನ ವಿಷಯ ಓದಿದಾಗ. ಇದು ಬರೀ ಹುಳ ಕೊಲ್ಲೋದಲ್ಲ, ಗಿಡದ ಬೇರಲ್ಲೂ ಮನೆ ಮಾಡ್ಕೊಂಡಿರುತ್ತೆ. ಕೆನಡಾದವರು 2012ರಲ್ಲಿ ಮೇಣದ ಪತಂಗದ ಹುಳಕ್ಕೆ ಗುರುತು ಹಾಕಿದ ನೈಟ್ರೋಜನ್ ಕೊಟ್ಟು, ಬೂಷ್ಟಿನ ಎಳೆ ಮಾತ್ರ ದಾಟಿ ಬೇರು ದಾಟದ ಹಾಗೆ ನಡುವೆ ಸಣ್ಣ ಜಾಲರಿ ಇಟ್ಟು ನೋಡಿದ್ರೆ, ಸತ್ತ ಹುಳದ ನೈಟ್ರೋಜನ್ ಹುರುಳಿಕಾಯಿ ಗಿಡದ ಎಲೆಯಲ್ಲಿ ಸಿಕ್ತು. ಅಂದ್ರೆ ಬೇರು ತಿನ್ನಕ್ಕೆ ಬಂದ ಹುಳನೇ ಗೊಬ್ಬರ. ಗಿಡನೂ ಸುಮ್ಮನೆ ತಗೊಳಲ್ಲ, ವಾಪಸ್ ಸಕ್ಕರೆ ಕೊಡುತ್ತೆ ಅಂತ 2017ರಲ್ಲಿ ಗೊತ್ತಾಯ್ತು.

ಇನ್ನು ಮೈಕೊರೈಜಾ ಅಂತ ಬೇರಿನ ಜೊತೆ ಬದುಕೋ ಇನ್ನೊಂದು ಬೂಷ್ಟಿದೆ, ಅದರ ಕಥೆನೇ ಬೇರೆ. ಅದು ಹುಳ ಮುಟ್ಟಲ್ಲ, ಬೇರಿಗೆ ರಂಜಕ ತಂದ್ಕೊಡುತ್ತೆ, ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ವಿಜ್ಞಾನಿ ಡಿ.ಜೆ. ಭಾಗ್ಯರಾಜ್ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ಇದರ ಮೇಲೇ. ಆದ್ರೆ 2013ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಲ್ಲಿ ಒಂದು ಬೀನ್ಸ್ ಗಿಡಕ್ಕೆ ರಸ ಹೀರೋ ಸಸ್ಯಹೇನು ಬಿಟ್ಟು, ಗಾಳಿಯಲ್ಲಿ ವಾಸನೆ ಹೋಗದ ಹಾಗೆ ಗಿಡಗಳಿಗೆ ಕವರ್ ಹಾಕಿದ್ರು. ಮಣ್ಣೊಳಗೆ ಬೂಷ್ಟಿನ ಎಳೆಯ ಸಂಪರ್ಕ ಇದ್ದ ಪಕ್ಕದ ಗಿಡಗಳು, ತಮಗೆ ಒಂದು ಹೇನೂ ಕೂರದೇ ಇದ್ರೂ, ತಮ್ಮ ವಾಸನೆ ಬದಲಾಯಿಸಿಕೊಂಡ್ವು, ಆ ವಾಸನೆಗೆ ಹೇನು ದೂರ ಹೋಗುತ್ತೆ, ಹೇನಿನೊಳಗೆ ಮೊಟ್ಟೆ ಇಡೋ ಸಣ್ಣ ಕಣಜ ಹತ್ತಿರ ಬರುತ್ತೆ. ಎಳೆ ಕಡಿದ ಗಿಡಗಳಿಗೆ ಸುದ್ದಿನೇ ಮುಟ್ಟಿಲ್ಲ.

ಹಾಗಂತ ಎಲ್ಲಾ ಹುಳಕ್ಕೂ ಇದೇ ಮದ್ದು ಅಂತ ನಾನು ಹೇಳ್ತಿಲ್ಲ. ಮೈಕೊರೈಜಾ ಇರೋ ಗಿಡ ಸೊಂಪಾಗಿರುತ್ತಲ್ಲ, ಕೆಲವು ಸಲ ರಸ ಹೀರೋ ಹುಳಗಳಿಗೆ ಅದೇ ಹಬ್ಬದೂಟ. ಯಾವ ಗಿಡ, ಯಾವ ಹುಳ, ಯಾವ ಬೂಷ್ಟು ಅನ್ನೋದರ ಮೇಲೆ ಇದೆ ಎಲ್ಲಾ, ಆದ್ರೆ ಈ ಬೂಷ್ಟುಗಳನ್ನ ಪ್ಯಾಕೆಟ್ ಮಾಡಿ ಮಾರೋರು ಇದನ್ನ ಹೇಳಲ್ಲ.

ನನ್ನ ತಕರಾರು ಇರೋದು ನಾವು ಇದನ್ನ ಬಾಟ್ಲಿ ಔಷಧಿ ಥರ ನೋಡೋದಕ್ಕೆ. ಇದು ಜೀವ ಕಣ್ರೀ, ಇದಕ್ಕೂ ತಂಪು ಬೇಕು ಊಟ ಬೇಕು. ಮೊದಲನೇ ಸಲ ನಾನು ತಂದ ಮೆಟಾರೈಜಿಯಂ ಪ್ಯಾಕೆಟ್ ಅಂಗಡಿ ಮುಂದೆ ಬಿಸಿಲಲ್ಲಿ ಎಷ್ಟು ದಿನ ಇತ್ತೋ ಏನೋ, ಮಟಮಟ ಮಧ್ಯಾಹ್ನ ಒಣ ಮಣ್ಣಿಗೆ ಎರಚಿ ಬಂದೆ, ಏನೂ ಆಗ್ಲಿಲ್ಲ, ಮೋಸ ಅಂತ ಬೈಕೊಂಡು ಸುಮ್ಮನಾದೆ. ಎರಡನೇ ಸಲ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿಟ್ಟು, ಮಳೆ ಹಿಡಿದ ಮೇಲೆ ಸಂಜೆ ಹೊತ್ತು ಬುಡಕ್ಕೆ ಹಾಕಿದ್ದಕ್ಕೆ ಆ ಹಸಿರು ಹುಳ ಸಿಕ್ಕಿದ್ದು. ಇನ್ನು ಕೆಲವರು ಈ ವಾರ ರೋಗ ತಡೆಯೋ ಬೂಷ್ಟು ಟ್ರೈಕೋಡರ್ಮಾ ಹಾಕ್ತಾರೆ, ಮುಂದಿನ ವಾರ ಅದೇ ಶುಂಠಿ ಪಟ್ಟೆಗೆ ಬೂಷ್ಟು ಕೊಲ್ಲೋ ಔಷಧಿ ಕಾರ್ಬೆಂಡಜಿಂ ಹುಯ್ತಾರೆ. ರಂಜಕ ಇರೋ ಡಿಎಪಿ ಗೊಬ್ಬರ ಸುರಿದ ಜಾಗದಲ್ಲಿ ಮೈಕೊರೈಜಾನೂ ಬೇರಿಗೆ ಸರಿಯಾಗಿ ಹತ್ತಲ್ಲ, ರಂಜಕ ಪುಕ್ಕಟೆ ಸಿಗುವಾಗ ಗಿಡ ಯಾಕೆ ಸಕ್ಕರೆ ಕೊಟ್ಟು ಸಾಕುತ್ತೆ ಹೇಳಿ.

ಆಮೇಲೆ ಇನ್ನೊಂದು, ಕೋಸು ಮೂಲಂಗಿ ಸಾಸಿವೆ ಜಾತಿಯ ಬೇರಿಗೆ ಮೈಕೊರೈಜಾ ಕೂಡೋದೇ ಇಲ್ಲ. ಪಕ್ಕದ ತೋಟದವರು ಕೋಸಿನ ಮಡಿಗೆ ಎರಡು ಪ್ಯಾಕೆಟ್ ಹಾಕಿ, ಯಾಕೋ ಏನೂ ಫರಕು ಕಾಣ್ತಿಲ್ಲ ಅಂತ ನಿನ್ನೆ ನನ್ನ ಹತ್ರ ಕೇಳ್ತಾ ಇದ್ರು, ಏನಂತ ಹೇಳೋದು.