ಡಿಲೇ ಎಷ್ಟು ಮಿಲಿಸೆಕೆಂಡ್?

ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಚಿಕ್ಕ ಕ್ಲಬ್ಬಿನಲ್ಲಿ ಸ್ಪೀಕರಿನ ಪಕ್ಕ ನಿಂತವರಿಗೆ ಸಲ್ಲಬೇಕಾದ ಪ್ರಸಾದ ಅದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು, ಅಲ್ಲಿಂದಾಚೆ ಪ್ರತಿ 3 ಡೆಸಿಬೆಲ್ಲಿಗೂ ಆ ಅವಧಿ ಅರ್ಧಕ್ಕಿಳಿಯುತ್ತದೆ ಎಂದು ಒಂದು ಲೆಕ್ಕವಿದೆ. ಆ ಪ್ರಕಾರ 100 ಡೆಸಿಬೆಲ್ ಮುಟ್ಟುವ ಹೊತ್ತಿಗೆ ನಮ್ಮ ಪಾಲಿಗೆ ಉಳಿಯುವುದು 15 ನಿಮಿಷ. ಟೋಪಿ ಹಾಕಿಕೊಂಡು ಪ್ರಶ್ನೆ ಕೇಳುವವರನ್ನು ಎಷ್ಟು ಹೊತ್ತು ತಡೆದುಕೊಳ್ಳಬಹುದು ಅಂತ ಮಾತ್ರ ಯಾವ ಪುಣ್ಯಾತ್ಮನೂ ಲೆಕ್ಕ ಹಾಕಿಟ್ಟಿಲ್ಲ.

ಯಾರೂ ಹೆಸರು ಕೇಳಿರದ ಬ್ಯಾಂಡುಗಳ ಹಿಂದೆ ಬೀಳುವ ಚಟ ನಿಮಗೂ ಇದ್ದರೆ ಇದೆಲ್ಲ ಗೊತ್ತೇ ಇರುತ್ತದೆ. ಟಿಕೆಟ್ಟಿನ ಮೇಲೆ ಬರೆದ ಸಮಯಕ್ಕೆ ತೆರೆಯುವುದು ಬಾಗಿಲು ಮಾತ್ರ, ಹಾಡುವವರ ಬಾಯಲ್ಲ. ಮುಂಗೈ ಮೇಲೆ ಒತ್ತುವ ಮುದ್ರೆ ಮರುದಿನದ ಸ್ನಾನಕ್ಕೂ ಜಗ್ಗುವುದಿಲ್ಲ. ಮುಕ್ಕಾಲು ಕೋಣೆ ಖಾಲಿ ಬಿದ್ದಿದ್ದರೂ ಅಲ್ಲಿರುವವರಲ್ಲೇ ಅತಿ ಎತ್ತರದವನು ಹುಡುಕಿಕೊಂಡು ಬಂದು ನಮ್ಮ ಮುಂದೆಯೇ ನಿಲ್ಲುತ್ತಾನೆ. ಸದ್ದು ಗೋಡೆಗೆ ಬಡಿದು ಗಲಗಲ ಅನ್ನುತ್ತಿದೆಯಲ್ಲ ಎಂದರೆ ಸೌಂಡ್ ನೋಡಿಕೊಳ್ಳುವವನು ತಲೆಯೆತ್ತದೆ, "ಜನ ತುಂಬಲಿ, ಸರಿಹೋಗುತ್ತೆ" ಅನ್ನುತ್ತಾನೆ. ಮಾತಿನಲ್ಲಿ ಸುಳ್ಳಿಲ್ಲ. ಮನುಷ್ಯರ ಮೈ, ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತವೆ, ಬೋಳು ಗೋಡೆ ಅದನ್ನು ವಾಪಸ್ ಎಸೆಯುತ್ತದೆ. ಆದರೆ ಜನ ತುಂಬಬೇಕಲ್ಲ! ಡ್ರಮ್ಮಿನವನು ಒಂದು ಸಲ ಹೊಡೆದದ್ದು ನಮಗೆ ಎರಡೆರಡು ಸಲ ಕೇಳಿಸಿತು. ಟಿಕೆಟ್ಟಿನ ದುಡ್ಡಿಗೆ ಮೋಸವಿಲ್ಲ.

ಆದರೂ ಹೋಗುತ್ತೇವೆ. ಯಾಕೆಂದರೆ ಹೆಸರು ಮಾಡಿದವರ ಹತ್ತಿರ ಸುಳಿಯಲೂ ಆಗುವುದಿಲ್ಲ. ಇಲ್ಲಿ ಹಾಗಲ್ಲ, ಈಗಷ್ಟೇ ಗಂಟಲು ಹರಿದುಕೊಂಡು ಹಾಡಿದವಳೇ ಬೆವರು ಒರೆಸಿಕೊಂಡು ಕೆಳಗಿಳಿದು, ಮೂಲೆಯ ಮೇಜಿನ ಹಿಂದೆ ಟೀ ಶರ್ಟ್ ಮಡಿಸುತ್ತ ಕೂರುತ್ತಾಳೆ. ಬಾಗಿಲ ಕಲೆಕ್ಷನ್ನು ವ್ಯಾನಿನ ಹೊಟ್ಟೆಗೇ ಹೋಗುವುದರಿಂದ ಇಂಥವರ ಊಟ ನಡೆಯುವುದು ಆ ಮೇಜಿನಿಂದ. ಅದರಲ್ಲೂ ಪಾಲು ಕೇಳುವ ಸಭಾಂಗಣಗಳಿವೆ. ಟೀ ಶರ್ಟಿನ ವಿಷಯ ಬಿಡಿ. ನಾನು ತಲುಪುವ ಹೊತ್ತಿಗೆ ಉಳಿದಿರುವುದು ಎರಡೇ ಅಳತೆ: ಒಂದರಲ್ಲಿ ಕೈ ತೂರುವುದಿಲ್ಲ, ಇನ್ನೊಂದರಲ್ಲಿ ನಾನೂ ಬ್ಯಾಂಡೂ ಒಟ್ಟಿಗೆ ಹಿಡಿಸುತ್ತೇವೆ.

ನನಗೆ ಬೇಕಾಗಿದ್ದದ್ದು ಗಿಟಾರಿನ ಹುಡುಗನಿಗೆ ಒಂದೇ ಒಂದು ಮಾತು ಹೇಳುವುದು. ಕೊನೆಯ ಹಾಡಿನಲ್ಲಿ ಎಲ್ಲರೂ ಥಟ್ಟನೆ ನಿಂತು, ಅವನ ಒಂದೇ ತಂತಿ ಉಳಿಯುತ್ತದಲ್ಲ, ಅಲ್ಲಿ ನನಗೆ ಏನೋ ಆಯಿತು ಎಂದು. ದೇವರು ಕೊಟ್ಟರೂ ಪೂಜಾರಿ ಕೊಡ. ನಾನು ಹೋಗುವಷ್ಟರಲ್ಲಿ ಟೋಪಿಯವರು ಅಲ್ಲಿ ಸ್ಥಾಪನೆಯಾಗಿದ್ದರು.

ಹುಡುಗ ಆಗ ತಾನೇ ಆಂಪ್, ಅಂದರೆ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ, ಎತ್ತಿಕೊಂಡಿದ್ದ. ಹಳೇ ಮಾದರಿಯ ವಾಲ್ವ್ ಆಂಪ್. ಈ ಜಾತಿಯಲ್ಲಿ ಹೆಸರುವಾಸಿಯಾದ ಫೆಂಡರ್ ಟ್ವಿನ್ ರಿವರ್ಬ್ ಸುಮಾರು 29 ಕಿಲೋ ತೂಗುತ್ತದೆ. ಇವನದೂ ಅದರ ದಾಯಾದಿಯೇ. ಮೇಲೆ ಒಂದೇ ಹಿಡಿಕೆ. ಅದಕ್ಕೆ ಎರಡೂ ಕೈ ಕೊಟ್ಟು ಮೊಣಕಾಲಿಗೆ ಒರಗಿಸಿಕೊಂಡು ಇನ್ನೇನು ಹೆಜ್ಜೆ ಇಡಬೇಕು, ಟೋಪಿಯವರು ಅಡ್ಡ ಬಂದು ಕೇಳಿದರು:

"ಆ ಮೂರನೇ ಹಾಡಿನಲ್ಲಿ ಡಿಲೇ ಎಷ್ಟು ಮಿಲಿಸೆಕೆಂಡ್ ಇಟ್ಟಿದ್ರಿ?"

ಡಿಲೇ ಅಂದರೆ ನುಡಿಸಿದ ಸ್ವರವನ್ನು ಒಂದಿಷ್ಟು ತಡೆದು ಮತ್ತೆ ಕೇಳಿಸುವ ಪೆಡಲಿನ ಕರಾಮತ್ತು.

"ಗೊತ್ತಿಲ್ಲ ಸರ್. ಕಿವಿಗೆ ಸರಿ ಅನ್ನಿಸೋವರೆಗೂ ತಿರುಗಿಸ್ತೀನಿ."

ಇಲ್ಲಿಗೆ ಮುಗಿಯಬೇಕಿತ್ತು. ಟೋಪಿಯವರು ಬೆರಳು ಮಡಿಚತೊಡಗಿದರು. ಹಾಡಿನ ವೇಗ ನಿಮಿಷಕ್ಕೆ 120 ಬೀಟ್ ಅಂತಿಟ್ಟುಕೊಳ್ಳಿ, ಒಂದು ಬೀಟಿಗೆ 500 ಮಿಲಿಸೆಕೆಂಡ್ ಆಯಿತು, ಅದರ ಮುಕ್ಕಾಲು ಅಂದರೆ 375, ಅಲ್ವಾ? "ಇರಬಹುದು ಸರ್." ಇರಬಹುದು ಅಂದರೆ ಹೇಗೆ, 375 ಆಗಿದ್ದರೆ ತಾಳಕ್ಕೆ ಕೂರಬೇಕಿತ್ತು, ತಮಗೆ ಒಂಚೂರು ಹಿಂದೆ ಬಿದ್ದ ಹಾಗೆ ಕೇಳಿಸಿತು. ಹುಡುಗನ ಮೊಣಕೈ ನಡುಗತೊಡಗಿತ್ತು. ಆಂಪ್ ಕೆಳಗಿಟ್ಟರೆ ಮಾತು ಬೆಳೆಯುತ್ತದೆ, ಎತ್ತಿಕೊಂಡೇ ಇದ್ದರೆ ಹೊರಡುವವನು ಅಂತ ಅರ್ಥವಾದೀತು ಎಂಬುದು ಅವನ ಆಸೆ. ಪಾಪ, ಸಣ್ಣ ವಯಸ್ಸು. ತಂತಿ ಯಾವ ಗೇಜಿನದು? ಪೆಡಲಿಗೆ ಬ್ಯಾಟರಿಯೋ ಅಡಾಪ್ಟರೋ? ಹಿಡಿಕೆ ಹಿಡಿದ ಒಂದೊಂದು ಬೆರಳೂ ಬಿಳಿಚಿಕೊಳ್ಳುತ್ತಿತ್ತು. ಕಡೆಗೆ ಟೋಪಿಯವರು ಒಂದು ಹೆಜ್ಜೆ ಹಿಂದೆ ಸರಿದು, ತೀರ್ಪು ಕೊಡುವ ದನಿಯಲ್ಲಿ, "ಏನೇ ಹೇಳಿ, ನಿಮ್ಮ ಹಳೇ ಹಾಡುಗಳೇ ಚೆನ್ನಾಗಿದ್ವು" ಎಂದರು. ಆ ಬ್ಯಾಂಡ್ ಇಲ್ಲಿಯವರೆಗೆ ತಂದಿರುವುದು ಒಂದೇ ರೆಕಾರ್ಡು. ಅದೂ ಹೊಚ್ಚ ಹೊಸದು.

ಟೋಪಿಯವರ ಕಷ್ಟವೂ ನನಗೆ ಅರ್ಥವಾಗುತ್ತದೆ, ಸ್ವಲ್ಪ. 1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಬ್ಯಾಂಡ್ ನುಡಿಸಿದಾಗ ಕೇಳಲು ಬಂದದ್ದು ಹೆಚ್ಚುಕಡಿಮೆ ನಲವತ್ತು ಜನ. ಅವರಲ್ಲಿದ್ದ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್ ಮುಂದೆ ಜಾಯ್ ಡಿವಿಷನ್ ಎಂಬ ಹೆಸರಾಂತ ಬ್ಯಾಂಡ್ ಕಟ್ಟಿದರು. ಆ ರಾತ್ರಿ ನಾನೂ ಅಲ್ಲಿದ್ದೆ ಅನ್ನುವವರನ್ನೆಲ್ಲ ಸೇರಿಸಿದರೆ ಈಗ ಒಂದು ಕ್ರೀಡಾಂಗಣ ಸಾಲದು. ಖಾಲಿ ಕೋಣೆಯಲ್ಲಿ ನಿಂತ ಪ್ರತಿಯೊಬ್ಬರ ಎದೆಯಲ್ಲೂ ಆ ಆಸೆ ಒಂದಿಷ್ಟು ಇರುತ್ತದೆ. ಆದರೆ ಹೆಚ್ಚಿನ ಬ್ಯಾಂಡುಗಳಿಗೆ ಹಾಗಾಗುವುದಿಲ್ಲ. ವ್ಯಾನು ಕೈಕೊಡುತ್ತದೆ, ಬೇಸ್ ನುಡಿಸುವವನಿಗೆ ಕೆಲಸ ಸಿಗುತ್ತದೆ, ಡ್ರಮ್ಮಿನವನಿಗೆ ಮದುವೆಯಾಗುತ್ತದೆ. ಆ ಒಂದೇ ತಂತಿ ಉಳಿದ ಗಳಿಗೆಯನ್ನು ಕೇಳಿದವರು ಲೋಕದಲ್ಲಿ ನಾವು ಇಪ್ಪತ್ತು ಮೂವತ್ತು ಜನವೇ ಆಗಿಬಿಡುತ್ತೇವೆ. ಅದನ್ನೇ ಹೇಳೋಣ ಅಂತ ಕಾಯುತ್ತಿದ್ದೆ ನಾನು.

ಕೊನೆಗೆ ಬೇಸಿನವನು ಬಂದು ಆಂಪಿಗೆ ಕೈಕೊಟ್ಟು, ಹುಡುಗನನ್ನು ಆಂಪಿನ ಸಮೇತ ಎಳೆದುಕೊಂಡು ಹೋದ. ಉಳಿದವನು ಡ್ರಮ್ಮಿನವನು. ಇವನಿಗಾದರೂ ಹೇಳೋಣ ಅಂತ ಹತ್ತಿರ ಹೋಗಿ, "ಆ ಕೊನೇ ಹಾಡು ತುಂಬಾ ಚೆನ್ನಾಗಿತ್ತು" ಎಂದೆ. ರಾತ್ರಿಯೆಲ್ಲ ತಾಳ ಬಡಿದ ಕಿವಿ ಅವನದು.

"ಟಾಯ್ಲೆಟ್ಟಾ? ಎಡಗಡೆ, ಕೊನೇ ಬಾಗಿಲು."

"ಅಲ್ಲಪ್ಪಾ, ಹಾಡು!"

"ಓ, ಥ್ಯಾಂಕ್ಸ್! ಇದರ ಆ ಕಡೆ ಹಿಡ್ಕೋತೀರಾ?"

ಸ್ಟ್ಯಾಂಡುಗಳನ್ನೆಲ್ಲ ತುಂಬಿದ ಚೀಲ. ಒಳಗೆ ಬರೀ ಕಬ್ಬಿಣ. ಎರಡೂ ಕೈಯಲ್ಲಿ ಹಿಡಿದು ವ್ಯಾನಿನ ಕಡೆ ಏದುಸಿರು ಬಿಡುತ್ತ ನಡೆದೆ. ದಾರಿಗೆ ಅಡ್ಡವಾಗಿ ಟೋಪಿಯವರು.

"ನೀವೂ ಬ್ಯಾಂಡಿನವರಾ? ಆ ಮೂರನೇ ಹಾಡಿನಲ್ಲಿ ಡಿಲೇ..."

"376," ಎಂದೆ.

ಟೋಪಿಯವರು ಫೋನು ತೆಗೆದು ಬರೆದುಕೊಂಡರು. "ನನಗೆ ಆಗಲೇ ಅನ್ನಿಸಿತ್ತು ನೋಡಿ, ಒಂದು ಜಾಸ್ತಿ ಇದೆ ಅಂತ."