ಮಳೆ ಕಮ್ಮಿಯಾಯ್ತು ಅನ್ನುವ ಮೊದಲು ಅಂಗಳದಲ್ಲೊಂದು ಕ್ಯಾನ್ ಇಡಿ

"ಈಗೆಲ್ಲ ಮೊದಲಿನ ಹಂಗೆ ಮಳೆ ಎಲ್ಲಿ ಬರ್ತದೆ ಮಾರಾಯ್ರೇ." ಮಲೆನಾಡಿನ ಯಾವ ಸೊಸೈಟಿ ಕಟ್ಟೆಯ ಮೇಲೆ ಕೂತರೂ ಹತ್ತು ನಿಮಿಷದೊಳಗೆ ಈ ಮಾತು ಬರುತ್ತದೆ. ಅದೇ ಕಟ್ಟೆಯ ಮೇಲೆ ಆಗಸ್ಟ್‌ನಲ್ಲಿ ಕೂತರೆ "ಈ ಪರಿ ಮಳೆ ಹುಟ್ಟಿದಾಗಿಂದ ಕಂಡಿಲ್ಲ" ಅನ್ನುವುದೂ ಕೇಳುತ್ತದೆ. ಎರಡೂ ಸುಳ್ಳಲ್ಲ. ವರ್ಷಕ್ಕೆ ಎಷ್ಟು ಮಳೆ ಬಿತ್ತು ಅನ್ನುವುದು ಒಂದು ಲೆಕ್ಕ, ಅದು ಯಾವಾಗ, ಎಷ್ಟು ಹೊತ್ತು, ಎಷ್ಟು ಬಿಡುವು ಕೊಟ್ಟು ಬಿತ್ತು ಅನ್ನುವುದು ಇನ್ನೊಂದು ಲೆಕ್ಕ. ನೆನಪು ಇವೆರಡನ್ನೂ ಕಲಸಿಬಿಡುತ್ತದೆ. ತೋಟದ ಕೆಲಸ ಕೆಡುವುದು ಹೆಚ್ಚಾಗಿ ಎರಡನೇ ಲೆಕ್ಕ ತಪ್ಪಿದಾಗ.

ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಮೂರೇ ವರ್ಷದಲ್ಲಿ ಹದಿನೈದು ದಿನದ ಅಂತರ. ಪೇಟೆಯವರಿಗೆ ಇದು ಕೊಡೆ ಹುಡುಕುವ ಮಾತಾದರೆ ಅಡಿಕೆ ಬೆಳೆಗಾರರಿಗೆ ಇಡೀ ಫಸಲಿನ ಪ್ರಶ್ನೆ. ಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣದ ಮೊದಲ ಸುತ್ತು ಮಳೆ ಹಿಡಿಯುವ ಮುಂಚೆಯೇ ಗೊನೆಗೆ ಬಿದ್ದಿರಬೇಕು. "ಜೂನ್ ಮೊದಲ ವಾರ ಹೊಡೆದರಾಯ್ತು" ಎಂದು ಕ್ಯಾಲೆಂಡರ್ ನಂಬಿ ಕೂತವರಿಗೆ 2025ರಂಥ ವರ್ಷದಲ್ಲಿ ಮರ ಒದ್ದೆ, ಕೊನೆಗೌಡರು (ಅಡಿಕೆ ಮರ ಹತ್ತಿ ಕೆಲಸ ಮಾಡುವವರು) ಹತ್ತುವ ಹಾಗಿಲ್ಲ, ಹೊಡೆದರೂ ಔಷಧಿ ನಿಲ್ಲುವುದಿಲ್ಲ.

ಬೋರ್ಡೋ ಮಾಡುವುದು ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ, ಆದರೆ ಮಳೆಯ ಗಡಿಬಿಡಿಯಲ್ಲಿ ಕೆಡುವುದು ಇದೇ. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಒಳ್ಳೆಯ ಸುಣ್ಣ, ಒಟ್ಟು 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರ್‌ನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಬೇರೆಬೇರೆಯಾಗಿ ಕರಗಿಸಿ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕದಡಬೇಕು. ಸುಣ್ಣವನ್ನು ತುತ್ತದ ನೀರಿಗೆ ಸುರಿದರೆ ದ್ರಾವಣ ಹದವಾಗುವುದಿಲ್ಲ, ಬೇಗ ತಳ ಹಿಡಿಯುತ್ತದೆ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಸಾಕು. ಕೊನೆಗೆ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಚಾಕು ತಾಮ್ರದ ಕೆಂಪಿಗೆ ತಿರುಗಿದರೆ ತುತ್ತ ಹೆಚ್ಚಾಗಿದೆ, ಎಳೆಕಾಯಿ ಸುಡುತ್ತದೆ. ಚಾಕು ಬೆಳ್ಳಗೆ ಉಳಿಯುವವರೆಗೆ ಸುಣ್ಣದ ನೀರು ಸೇರಿಸಿ. ಹಳೆಯ, ಗಾಳಿಯಾಡಿದ ಸುಣ್ಣದಲ್ಲಿ ಸತ್ವ ಇರುವುದಿಲ್ಲವಾದ್ದರಿಂದ ಕೆಜಿಗೆ ಕೆಜಿ ಹಾಕಿದರೂ ಸಾಲದು. ಹಾಗಾಗಿ ತೂಕದ ಜೊತೆ ಚಾಕುವಿನ ಪರೀಕ್ಷೆಯೂ ಬೇಕೇ ಬೇಕು. ಮಾಡಿದ ದ್ರಾವಣ ಅದೇ ದಿನ ಮುಗಿಯಬೇಕು.

ಎರಡನೇ ಸುತ್ತು 40ರಿಂದ 45 ದಿನಕ್ಕೆ. ಮೊದಲನೆಯದನ್ನು ಮೇ 20ಕ್ಕೆ ಹೊಡೆದಿದ್ದರೆ ಜುಲೈ ಮೊದಲ ವಾರಕ್ಕೇ ಎರಡನೆಯದರ ಗಡುವು. ಆಗ ಕೊನೆಗೌಡರಿಗೆ ಬೇಕಾಗುವುದು ಮರ ಒಣಗಿ, ಔಷಧಿ ಅಂಟಿಕೊಳ್ಳುವಷ್ಟು ಹೊಳವು, ಅಂದರೆ ಮಳೆಯ ಬಿಡುವು. ಮೊದಲೆಲ್ಲ ಜಡಿಮಳೆಯ ನಡುವೆ ಇಂಥ ಹೊಳವು ಯಾವಾಗ ಸಿಕ್ಕೀತು ಎಂದು ಹಿರಿಯರಿಗೆ ಒಂದು ಅಂದಾಜಿತ್ತು. ಆ ಅಂದಾಜು ಈಗ ಕೈಕೊಡುತ್ತಿದೆ. ಕಷ್ಟ ಏನೆಂದರೆ ಮಳೆ, ಬಿಸಿಲು, ಮತ್ತೆ ಮಳೆ ಎಂಬ ಆಟ, ತಂಪು ಹವೆ, ಆರದ ತೇವ ಇವೇ ಕೊಳೆಗೂ ಹೇಳಿಮಾಡಿಸಿದ ಹವಾಮಾನ. ಔಷಧಿ ಹೊಡೆಯಲು ಕಾಯುವ ಆ ಹೊಳವಿನಲ್ಲೇ ರೋಗವೂ ಹಬ್ಬುತ್ತಿರುತ್ತದೆ.

ಹಿರಿಯರ ಅಂದಾಜು ನಿಂತಿದ್ದು ಮಳೆ ನಕ್ಷತ್ರಗಳ ಮೇಲೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ. ಈ ಮಾತುಗಳನ್ನು ಮೂಢನಂಬಿಕೆ ಎಂದು ತಳ್ಳುವವರ ಬಗ್ಗೆ ನಮಗೆ ನಿಜಕ್ಕೂ ಬೇಸರವಿದೆ. ಇದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರ ಮೇಲೆ ವರ್ಷವನ್ನು 27 ಭಾಗ ಮಾಡಿದ ಲೆಕ್ಕ. ಒಂದೊಂದು ಭಾಗಕ್ಕೆ 13–14 ದಿನ. ರೋಹಿಣಿ ಸುಮಾರು ಮೇ 25ಕ್ಕೆ, ಮೃಗಶಿರ ಜೂನ್ 8ಕ್ಕೆ, ಆರಿದ್ರ ಜೂನ್ 22ಕ್ಕೆ ಕೂಡುತ್ತದೆ. ಇನ್ನು ಕೆಲವರು "ಪಂಚಾಂಗವೇ ಹಿಂದೆ ಬಿದ್ದಿದೆ, ಅದಕ್ಕೇ ಮಳೆ ತಾಳೆಯಾಗುವುದಿಲ್ಲ" ಅನ್ನುತ್ತಾರೆ. ಹಿಂದೆ ಬೀಳುವುದು ನಿಜ, ಆದರೆ ಸುಮಾರು 70 ವರ್ಷಕ್ಕೆ ಒಂದು ದಿನ ಮಾತ್ರ. ಅಜ್ಜನ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ದಿನದ ವ್ಯತ್ಯಾಸ. ಎರಡು ವಾರ ಏರುಪೇರಾದರೆ ತಪ್ಪನ್ನು ಪಂಚಾಂಗದ ತಲೆಗೆ ಕಟ್ಟಲಾಗದು.

ಹಾಗಾಗಿ ನಮ್ಮ ಒತ್ತಾಯ ಇಷ್ಟು: ಅಳೆಯಿರಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆ ಪುಸ್ತಕ ಇಡುವ ರೂಢಿ ಬಹಳ ಹಳೆಯದು. ಅಲ್ಲಿ ಇಂದಿಗೂ "ನಿನ್ನೆ 40 ಸೆಂಟ್ ಆಯ್ತು" ಅನ್ನುತ್ತಾರೆ. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್, ಅಂದರೆ 40 ಸೆಂಟ್‌ಗೆ ಸುಮಾರು 10 ಮಿ.ಮೀ. ಕಾಫಿ ಹೂ ಅರಳಿಸುವ ಹೂಮಳೆ ಸಾಕಾಯಿತೇ, ಸ್ಪ್ರಿಂಕ್ಲರ್ ಹಾಕಬೇಕೇ ಎಂದು ಅಲ್ಲಿ ನಿರ್ಧರಿಸುವುದು ಆ ಪುಸ್ತಕ ನೋಡಿ. ಅಡಿಕೆ, ಭತ್ತದ ಮನೆಗಳಲ್ಲಿ ಈ ರೂಢಿ ಕಡಿಮೆ.

ಮಾಪಕ ಕೊಳ್ಳಲೇಬೇಕೆಂದಿಲ್ಲ. 20 ಸೆಂ.ಮೀ. ಬಾಯಿಯ, ಡೀಸೆಲ್ ಹೊಯ್ಯುವಂಥ ಆಲಿಕೆ ಮತ್ತು 10 ಲೀಟರ್ ಕ್ಯಾನ್ ಸಾಕು. 20 ಸೆಂ.ಮೀ. ಬಾಯಿಯ ವಿಸ್ತೀರ್ಣ 314 ಚದರ ಸೆಂ.ಮೀ., ಆದ್ದರಿಂದ 1 ಮಿ.ಮೀ. ಮಳೆಗೆ 31.4 ಮಿ.ಲೀ. ನೀರು ಸೇರುತ್ತದೆ. ಬೆಳಿಗ್ಗೆ ಕ್ಯಾನಿನ ನೀರನ್ನು ಮಿ.ಲೀ. ಗುರುತಿರುವ ಜಗ್ಗಿನಲ್ಲಿ ಅಳೆದು 31.4ರಿಂದ ಭಾಗಿಸಿ. ಬಾಟಲಿ ಇಟ್ಟರೆ ಆಗದೇ ಎಂದು ಕೇಳಬಹುದು. ಲೀಟರ್ ಬಾಟಲಿ 32 ಮಿ.ಮೀ.ಗೇ ತುಂಬಿ ಚೆಲ್ಲುತ್ತದೆ. ಮಲೆನಾಡಿನ ಒಂದು ರಾತ್ರಿಗೆ ಅದು ಏನೇನೂ ಸಾಲದು. ಹವಾಮಾನ ಇಲಾಖೆ ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರೀ ಮಳೆ ಅನ್ನುತ್ತದೆ, ಅಷ್ಟಕ್ಕೆ 2 ಲೀಟರ್ ಬೇಕು. 204.5 ಮುಟ್ಟಿದರೆ ಅತ್ಯಂತ ಭಾರೀ ಮಳೆ, ಆಗ ಸುಮಾರು ಆರೂವರೆ ಲೀಟರ್. (64.5 ಮಿ.ಮೀ.ಯನ್ನು ಆಗುಂಬೆಯವರು ಭಾರೀ ಎನ್ನಲಾರರು, ಚಳ್ಳಕೆರೆಯಲ್ಲಿ ಅಷ್ಟು ಬಿದ್ದರೆ ಹಳ್ಳ ಹರಿದೀತು. ಕಣ್ಣಂದಾಜು ಊರೂರಿಗೆ ಬೇರೆ.)

ಆಲಿಕೆ ಚಪ್ಪಟೆಯಾಗಿದ್ದರೆ ಜೋರು ಮಳೆಯ ಹನಿ ಪುಟಿದು ಹೊರಗೆ ಹಾರುತ್ತದೆ, ಅಳತೆ ಕಡಿಮೆ ಬರುತ್ತದೆ. ಬಾಯಿಯ ಸುತ್ತ ಅಷ್ಟೇ ಅಗಲದ, ಒಂದು ಗೇಣು ಎತ್ತರದ ಪ್ಲಾಸ್ಟಿಕ್ ಬಳೆ ಕೂರಿಸಿ. ಕ್ಯಾನನ್ನು ಅರ್ಧ ಮಣ್ಣಿನಲ್ಲಿ ಹುಗಿದರೆ ಗಾಳಿಗೆ ಅಲುಗದು. ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರಲಿ, ಇಲ್ಲದಿದ್ದರೆ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಬರುತ್ತದೆ. ಜಾಗದ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ಮಾಡಿನ ಅಂಚು, ತೆಂಗಿನ ಮರದ ಬುಡ, ಅಡಿಕೆ ತೋಟದ ಒಳಗೆ ಯಾವುದೂ ಸರಿಯಲ್ಲ. ಪಕ್ಕದ ಮರ 10 ಮೀಟರ್ ಎತ್ತರವಿದ್ದರೆ ಅದರಿಂದ 20 ಮೀಟರ್ ದೂರ ಇಡಿ. ಅಂಗಳ ಚಿಕ್ಕದಿದ್ದರೆ ಗದ್ದೆಯ ಬದುವಿಗೆ ಒಯ್ಯಿರಿ. ಎಲೆ, ಇರುವೆಗೂಡು ಸೇರಿ ಆಲಿಕೆ ಕಟ್ಟಿಕೊಂಡಿದೆಯೇ ಎಂದು ವಾರಕ್ಕೊಮ್ಮೆ ನೋಡಿ.

ಅಳೆಯುವ ಹೊತ್ತು ಬೆಳಿಗ್ಗೆ 8.30, ಇಲಾಖೆಯದೂ ಅದೇ. 12ನೇ ತಾರೀಖಿನ ಬೆಳಿಗ್ಗೆ ಅಳೆದದ್ದನ್ನು 12ಕ್ಕೇ ಬರೆಯಬೇಕು, ಮಳೆ 11ರ ರಾತ್ರಿಯೇ ಬಿದ್ದಿದ್ದರೂ. ಇದು ತಪ್ಪಿದರೆ ನಿಮ್ಮ ಅಂಕಿ ಪಂಚಾಯ್ತಿ ಮಾಪಕದ ಅಂಕಿಗೆ ಎಂದೂ ಕೂಡುವುದಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿದವರು ಇದನ್ನು ಗಮನಿಸಲೇಬೇಕು. ಅಲ್ಲಿ ಪರಿಹಾರ ಲೆಕ್ಕ ಹಾಕುವುದು ಉದುರಿದ ಕಾಯಿ ಎಣಿಸಿ ಅಲ್ಲ, ಮಾಪಕದಲ್ಲಿ ದಾಖಲಾದ ಹವಾಮಾನ ನೋಡಿ. ಮನೆಯ ಕ್ಯಾನಿನ ಅಂಕಿ ಅಲ್ಲಿ ಸಾಕ್ಷಿಯಾಗದು. ಆದರೆ ನಿಮ್ಮಲ್ಲಿ 90 ಮಿ.ಮೀ. ಸುರಿದ ದಿನಗಳಲ್ಲೆಲ್ಲ ಪಂಚಾಯ್ತಿ ಮಾಪಕ ಸೊನ್ನೆ ತೋರಿಸುತ್ತಿದ್ದರೆ ಅದು ಕೆಟ್ಟಿರಬಹುದು ಎಂಬ ಸುಳಿವು ಸಿಗುತ್ತದೆ, ಮಳೆಗಾಲ ಮುಗಿಯುವ ಮೊದಲೇ ಬರೆದು ದೂರು ಕೊಡಬಹುದು.

ಪುಸ್ತಕದಲ್ಲಿ ತಾರೀಖು, ಮಿ.ಮೀ. ಜೊತೆಗೆ ಮಳೆಯ ಬಗೆಗೂ ಒಂದು ಸಾಲು ಇರಲಿ: ಸೋನೆಯೋ, ಜಡಿಮಳೆಯೋ, ಗುಡುಗಿನದೋ, ಎಷ್ಟು ತಾಸು ಹೊಡೆಯಿತು. ಇಡೀ ದಿನ ಸೋನೆಯಾಗಿ ಬಿದ್ದ 30 ಮಿ.ಮೀ. ನೆಲಕ್ಕೆ ಇಂಗುತ್ತದೆ, ಅರ್ಧ ತಾಸಿನಲ್ಲಿ ಸುರಿದ 30 ಮಿ.ಮೀ. ಕಪ್ಪಿನಲ್ಲಿ (ತೋಟದ ಬಸಿಗಾಲುವೆಯಲ್ಲಿ) ಕೆಂಪಗೆ ಹರಿದು ಹೋಗುತ್ತದೆ. ಅಂಕಿ ಒಂದೇ. ಪ್ರತಿ ನಕ್ಷತ್ರ ಮುಗಿದಾಗ ಗೆರೆ ಎಳೆದು ಮೊತ್ತ ಹಾಕಿ, ಜೊತೆಗೆ 2.5 ಮಿ.ಮೀ. ಮುಟ್ಟಿದ ದಿನ ಎಷ್ಟು ಎಂದೂ ಎಣಿಸಿ. ಇಲಾಖೆ ಮಳೆ ದಿನ ಅನ್ನುವುದು ಅಂಥವನ್ನೇ. ಆರಿದ್ರದ 400 ಮಿ.ಮೀ. ಹೋದ ವರ್ಷ 12 ದಿನಗಳಲ್ಲಿ ಬಂದು ಈ ವರ್ಷ 5 ದಿನಗಳಲ್ಲಿ ಬಂತೆಂದರೆ ಬದಲಾದದ್ದು ಏನೆಂದು ಮನೆಯ ಹಿರಿಯರಿಗೂ ಮಕ್ಕಳಿಗೂ ಒಂದೇ ಪುಟದಲ್ಲಿ ಕಾಣುತ್ತದೆ. ಇಂಥ ನಾಲ್ಕೈದು ವರ್ಷದ ಪುಸ್ತಕದಿಂದ ಹವಾಮಾನವೇ ಬದಲಾಯಿತು ಎಂದು ತೀರ್ಮಾನಿಸಬೇಡಿ, ಇಲಾಖೆ ವಾಡಿಕೆ ಮಳೆ ಲೆಕ್ಕ ಹಾಕುವುದೇ ಹತ್ತಾರು ವರ್ಷಗಳ ಸರಾಸರಿಯಿಂದ. ಬೋರ್ಡೋ ಯಾವಾಗ, ಬಸಿಗಾಲುವೆ ಎಷ್ಟು ಆಳ ಎಂದು ಗೊತ್ತುಮಾಡಲು ಮಾತ್ರ ಇಷ್ಟು ಧಾರಾಳ ಸಾಕು.

ಮಳೆ ಬಾರದ ದಿನ ತಪ್ಪದೆ 0 ಬರೆಯಿರಿ. ಖಾಲಿ ಬಿಟ್ಟ ಜಾಗ ನೋಡಿದರೆ ಮಳೆ ಬರಲಿಲ್ಲವೋ, ಮನೆಯವರೆಲ್ಲ ನೆಂಟರ ಊರಿಗೆ ಹೋಗಿದ್ದರೋ ಮುಂದಿನ ವರ್ಷ ಯಾರಿಗೂ ತಿಳಿಯುವುದಿಲ್ಲ.