ಫಾರ್ಮ್ಯಾಟ್ ಮಾಡಿಸೋಕೆ ಮುಂಚೆ ಇದನ್ನ ಓದಿ

"ಡೇಟಾ ಹೋಯ್ತಂತ ತಿಳ್ಕೊಳ್ರಿ ಮೇಡಂ. ಫಾರ್ಮ್ಯಾಟ್ ಮಾಡ್ಬೇಕಾಗ್ತದ."

ಹೋದ ವಾರ ಕಲಬುರಗಿಯ ಒಂದು ಅಂಗಡಿಯಲ್ಲಿ ನನಗೆ ಹೀಗೆ ಹೇಳಿದರು. ಲ್ಯಾಪ್‌ಟಾಪ್ ಮುಚ್ಚಳ ತೆರೆದು ಎರಡು ನಿಮಿಷ ಆಗಿರಲಿಲ್ಲ. ನನಗೆ ತುಂಬಾ ಸಿಟ್ಟು ಬಂತು. ಯಾಕಂದ್ರೆ ಡೇಟಾ ಎಲ್ಲಿಗೂ ಹೋಗಿರಲಿಲ್ಲ.

ನಾನು ದಾಲ್ ಮಿಲ್ಲು, ಅಡತಿ ಅಂಗಡಿಗಳ ಲೆಕ್ಕ ಬರೆಯುವವಳು. ಅವರ ಜಿಎಸ್‌ಟಿ ಕಾಗದ, ಪ್ಯಾನ್, ಬ್ಯಾಂಕ್ ವಿವರ ಎಲ್ಲ ಇದರಲ್ಲೇ ಇವೆ. ಬಸ್ಸಿನಲ್ಲಿ ಯಾರಾದರೂ ಎತ್ತಿಕೊಂಡು ಹೋದರೂ ಓದೋಕೆ ಬರಬಾರದು ಅಂತಲೇ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ, ವಿಂಡೋಸ್ ಥರದ್ದೇ ಆಪರೇಟಿಂಗ್ ಸಿಸ್ಟಂ) ಹಾಕುವಾಗ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದೋಕಾಗದ ಹಾಗೆ ಬೀಗ ಹಾಕಿದ್ದೆ. ಅಂಗಡಿಗೆ ಹೋಗೋಕೆ ಮುಂಚೆ ಒಂದಿನ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅಪ್‌ಡೇಟ್ ಆಗುವಾಗ ಕರೆಂಟ್ ಹೋಯ್ತು. ಬ್ಯಾಟರಿ ಮೊದಲೇ ಸತ್ತಿದೆ. ಮತ್ತೆ ಹಚ್ಚಿದರೆ ಕಪ್ಪು ಪರದೆ, 'ಗ್ರಬ್' ಅಂತ ಒಂದೇ ಪದ, ಪಕ್ಕದಲ್ಲಿ ಮಿಣುಕುವ ಗೆರೆ.

ಗ್ರಬ್ ಅಂದರೆ ಬೂಟ್‌ಲೋಡರ್, ಕರ್ನಲ್ಲನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ. ಡೆಬಿಯನ್‌ನ ಮಾಮೂಲಿ ಜೋಡಣೆಯಲ್ಲಿ ಅದು ಎನ್‌ಕ್ರಿಪ್ಟ್ ಆದ ಭಾಗದ ಹೊರಗೇ ಇರುತ್ತದೆ. ಕೆಟ್ಟಿದ್ದು ಅಷ್ಟೇ. ಗೋದಾಮಿನ ಮುಂದಿನ ಮೆಟ್ಟಿಲು ಮುರಿದರೆ ಒಳಗಿನ ತೊಗರಿ ಚೀಲಕ್ಕೆ ಏನೂ ಆಗಲ್ಲ, ಅಲ್ವಾ? ಫಾರ್ಮ್ಯಾಟ್ ಮಾಡಿದರೆ ಮಾತ್ರ ಲಕ್ಸ್ ಹೆಡರ್ ಅಳಿಸಿಹೋಗಬಹುದು. ಲಕ್ಸ್ ಅಂದರೆ ಲಿನಕ್ಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಪದ್ಧತಿ, ಹೆಡರ್ ಅಂದರೆ ಎನ್‌ಕ್ರಿಪ್ಟ್ ಆದ ಭಾಗದ ಶುರುವಿನ ತುಣುಕು. ಲಕ್ಸ್ 2ರಲ್ಲಿ ಅದು ಸಾಮಾನ್ಯವಾಗಿ 16 ಎಂಬಿ. ಡಿಸ್ಕಿನ ಅಸಲಿ ಕೀಲಿ ಇರೋದು ಅದರಲ್ಲೇ. ನಮ್ಮ ಪಾಸ್‌ವರ್ಡ್ ಆ ಕೀಲಿಯನ್ನು ಬಿಡಿಸಿ ಕೊಡುತ್ತದೆ. ಹೆಡರ್ ಹೋದ ಮೇಲೆ ಪಾಸ್‌ವರ್ಡ್ ಬಾಯಿಪಾಠ ಇದ್ದರೂ ಉಪಯೋಗ ಇಲ್ಲ.

ಮನೆಗೆ ತಂದೆ. ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೇ ಅದರಿಂದಲೇ ಡೆಬಿಯನ್ ಓಡಿಸಬಹುದು) ಮಾಡಿಕೊಂಡು ಅದರಿಂದ ನನ್ನದನ್ನು ಬೂಟ್ ಮಾಡಿದೆ. ಎನ್‌ಕ್ರಿಪ್ಟ್ ಆದ ಡಿಸ್ಕ್ ತೆರೆಯುವ ಕ್ರಿಪ್ಟ್‌ಸೆಟಪ್ ಕಮಾಂಡ್ ಕೊಟ್ಟೆ, ಪಾಸ್‌ವರ್ಡ್ ಹಾಕಿದೆ, ಡಿಸ್ಕ್ ತೆರೆಯಿತು. ಎಲ್ಲ ಫೋಲ್ಡರೂ ಇದ್ದ ಹಾಗೇ ಇದ್ದವು. ಮೊದಲು ಅವನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆ. ಆಮೇಲೆ ಬೂಟ್, ಇಎಫ್‌ಐ ಪಾರ್ಟಿಶನ್‌ಗಳನ್ನೂ (ಲ್ಯಾಪ್‌ಟಾಪ್ ಶುರುವಾಗೋಕೆ ಬೇಕಾದ ಫೈಲುಗಳಿರುವ ಡಿಸ್ಕಿನ ಭಾಗಗಳು) ಮೌಂಟ್ ಮಾಡಿ, ಅಂದರೆ ಜೋಡಿಸಿಕೊಂಡು, ಸಿಎಚ್‌ರೂಟ್ ಅನ್ನೋ ಕಮಾಂಡಿನಿಂದ ನನ್ನ ಡಿಸ್ಕಿನ ಡೆಬಿಯನ್ ಒಳಗೆ ಹೋದೆ. ಅರ್ಧಕ್ಕೆ ನಿಂತ ಪ್ಯಾಕೇಜ್ ಕೆಲಸ ಮುಗಿಸಿ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಓಡುವ, ಪಾಸ್‌ವರ್ಡ್ ಕೇಳಿ ಡಿಸ್ಕ್ ಬಿಡಿಸುವ ಸಣ್ಣ ವ್ಯವಸ್ಥೆ) ಹೊಸದಾಗಿ ಕಟ್ಟಿ, ಗ್ರಬ್ ಮತ್ತೆ ಇನ್‌ಸ್ಟಾಲ್ ಮಾಡಿದೆ.

ರೀಸ್ಟಾರ್ಟ್ ಮಾಡಿದರೆ ಗ್ರಬ್ ಮೆನು ಬಂತು, ಆದರೆ ಪಾಸ್‌ವರ್ಡೇ ಕೇಳಲಿಲ್ಲ! ಸುಮ್ನೆ ಕಾದು ಕಾದು ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಪರದೆಗೆ ಬಿತ್ತು. ಒಂದು ಗಂಟೆ ಒದ್ದಾಡಿದ ಮೇಲೆ ತಪ್ಪು ಸಿಕ್ಕಿತು. ಪೆನ್‌ಡ್ರೈವ್‌ನಿಂದ ಡಿಸ್ಕ್ ತೆರೆಯುವಾಗ ಮನಸ್ಸಿಗೆ ಬಂದ ಹೆಸರು ಕೊಟ್ಟಿದ್ದೆ. ಎನ್‌ಕ್ರಿಪ್ಟ್ ಆದ ಡಿಸ್ಕುಗಳ ಪಟ್ಟಿ ಇರುವ ಕ್ರಿಪ್ಟ್‌ಟ್ಯಾಬ್ ಫೈಲಿನಲ್ಲಿ ಬೇರೆ ಹೆಸರಿತ್ತು. ಎರಡೂ ಒಂದೇ ಇರದಿದ್ದರೆ ಡಿಸ್ಕ್ ಬಿಡಿಸುವ ವಿವರ ಇನಿಟ್‌ರಾಮ್‌ಎಫ್‌ಎಸ್ ಒಳಗೆ ಸೇರಲ್ಲ. ಅದರ ಎಚ್ಚರಿಕೆ ಪರದೆ ಮೇಲೆ ಬಂದೇ ಇತ್ತು, ನಾನು ಓದಿರಲಿಲ್ಲ. ಸರಿಯಾದ ಹೆಸರಿನಿಂದ ಇನ್ನೊಮ್ಮೆ ಎಲ್ಲ ಮಾಡಿದೆ. ಈ ಸಲ ಪಾಸ್‌ವರ್ಡ್ ಕೇಳಿತು. ರಾತ್ರಿ ಒಂದೂವರೆ ಆಗಿತ್ತು, ಕಣ್ಣಲ್ಲಿ ನೀರು ಬಂತು.

ಅಂಗಡಿಯವರು ಇನ್ನೊಂದು ಮಾತು ಹೇಳಿದ್ದರು: "ಅದಕ್ಕೇ ಎನ್‌ಕ್ರಿಪ್ಟ್ ಮಾಡಬ್ಯಾಡ್ರಿ ಅಂತೀವಿ." ಇದನ್ನು ನಾನು ಒಪ್ಪಲ್ಲ. ಕೆಟ್ಟಿದ್ದು ಕರೆಂಟ್ ಹೋಗಿದ್ದರಿಂದ. ಬೇರೆಯವರ ಕಾಗದ ಇಟ್ಟುಕೊಂಡವರು ಎನ್‌ಕ್ರಿಪ್ಟ್ ಮಾಡಲೇಬೇಕು. ಜೊತೆಗೆ ಲಕ್ಸ್ ಹೆಡರ್ ಬ್ಯಾಕಪ್ ತೆಗೆದು ಬೇರೆ ಪೆನ್‌ಡ್ರೈವ್‌ನಲ್ಲಿ ಜೋಪಾನವಾಗಿ ಇಡಬೇಕು. ಒಂದೇ ಕಮಾಂಡಿನ ಕೆಲಸ. ನಾನೂ ಇಟ್ಟಿರಲಿಲ್ಲ, ಮರುದಿನ ಬೆಳಿಗ್ಗೆ ಚಹಾಕ್ಕೂ ಮುಂಚೆ ಅದನ್ನೇ ಮಾಡಿದೆ.

ಕಲಬುರಗಿಯಲ್ಲಿ ಯಾರದಾದರೂ ಹೀಗೆ ನಿಂತಿದ್ದರೆ ಫಾರ್ಮ್ಯಾಟ್‌ಗೆ ಕೊಡಬೇಡಿ, ಮೊದಲು ನನಗೊಂದು ಮೆಸೇಜ್ ಹಾಕಿ. ಭಾನುವಾರ ಬಿಡುವಾಗಿ ಇರ್ತೀನಿ. ಪಾಸ್‌ವರ್ಡ್ ನನಗೆ ಹೇಳೋದು ಬೇಡ, ನೀವೇ ಪಕ್ಕದಲ್ಲಿ ಕೂತು ಟೈಪ್ ಮಾಡಿ.